ಐದು ಚೀಲ ಕಾಫಿ, ಒಂದು ಹಿಡಿ ಭಂಡಾರ

ಬನಹಟ್ಟಿ ಸಮೀಪದ ಚಿಮ್ಮಡ ಗ್ರಾಮದ ಗಡಿಯೊಳಗೆ ಒಂದೇ ಒಂದು ಕಾಫಿ ಗಿಡ ಇಲ್ಲ. ಹಿಂದೆಯೂ ಇರಲಿಲ್ಲ. ಆದ್ದರಿಂದಲೇ ಕಳೆದ ವರ್ಷ ಗ್ರಾಮವನ್ನು ಕಾಫಿ ತುಕ್ಕು ರೋಗ ಪೀಡಿತ ಪ್ರದೇಶವೆಂದು ಘೋಷಿಸಿ, ಮೂರೇ ತಿಂಗಳಲ್ಲಿ ರೋಗವನ್ನು ಬೇರುಸಹಿತ ನಿರ್ಮೂಲನ ಮಾಡಲು ಸಾಧ್ಯವಾಯಿತು. ಗಿಡಗಳಿರುವ ಊರುಗಳಲ್ಲಿ ಇಷ್ಟು ಲಗೂನ ಆಗುವ ಕೆಲಸ ಇದಲ್ಲ.

ಇದಕ್ಕೆಲ್ಲ ಕಾರಣಕರ್ತ ಅಮಸಿದ್ದಪ್ಪ. ಮುನ್ನೂರು ಕುರಿಗಳ ಧಣಿ, ಬೀರೇಶ್ವರನ ಒಕ್ಕಲು, ಅರವತ್ತರ ಹತ್ತಿರದ ಮನುಷ್ಯ. ಆತನ ಕುರಿ ಹಿಕ್ಕಿ ವರ್ಷಕ್ಕೊಮ್ಮೆ ಲಾರಿ ಹತ್ತಿ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟಕ್ಕೆ ಹೋಗುತ್ತದೆ. ಆ ವರ್ಷ ತೋಟದ ಧಣಿ ರೊಕ್ಕದ ಬದಲು ಐದು ಚೀಲ ಹಸಿರು ಕಾಫಿ ಬೀಜವನ್ನು ಅದೇ ಲಾರಿಯಲ್ಲಿ ತಿರುಗಿ ಕಳಿಸಿದ. ನಿನ್ನ ಗೊಬ್ಬರದ ಫಲ ಇದು, ನೀನೇ ಇಟ್ಟುಕೋ ಎಂದು ಫೋನಿನಲ್ಲಿ ಹೇಳಿದ.

ಚಿಮ್ಮಡದಲ್ಲಿ ಜನ ಕುಡಿಯುವುದು ಚಹಾ. ಅಮಸಿದ್ದಪ್ಪನ ಹೆಂಡತಿ ಮಾಯವ್ವ ಬಂದ ಕಾಳನ್ನು ಅಲಸಂದಿಯಂತೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಳ್ಳೊಳ್ಳಿ ಒಗ್ಗರಣೆ ಕೊಟ್ಟು ಒಲೆಯ ಮೇಲಿಟ್ಟಳು. ಮಧ್ಯಾಹ್ನವಾದರೂ ಬೇಯಲಿಲ್ಲ. ತೋಟದವ ನಮ್ಮನ್ನ ಚಾಷ್ಟಿ ಮಾಡ್ಯಾನ ಎಂದು ಗಂಡನಿಗೆ ಹೇಳಿ, ಪಲ್ಯವನ್ನು ಕುರಿಗೆ ಹಾಕಿದಳು. ಕುರಿಯೂ ಮೂಸಿ ನೋಡಿ ಆಚೆ ಹೋಯಿತು.

ಮಗಳು ರಂಜನಾ ಕೃಷಿ ಓದಿ ಬಂದಾಕಿ. ಆಕೆ ಫೋನು ಹಿಡಿದು ಕೂತು ಬೆಲ್ಜಿಯಂ ದೇಶದಲ್ಲಿ ಕಾಫಿ ಹುರಿದು ಮಾರುವ ಒಬ್ಬ ಸಣ್ಣ ವ್ಯಾಪಾರಿಯನ್ನು ಹುಡುಕಿದಳು. ಆತ ಅರ್ಧ ಕಿಲೋ ಮಾದರಿ ತರಿಸಿಕೊಂಡು ಕುಡಿದು, ಐದೂ ಚೀಲ ಬೇಕೆಂದ. ಒಂದೇ ಕರಾರು ಹಾಕಿದ. ಯಾವ ಕುರಿಗಾರನ ಗೊಬ್ಬರದಿಂದ ಈ ಕಾಫಿ ಬೆಳೆಯಿತೋ ಅವನ ಹೆಸರು ಚೀಲದ ಮೇಲೆ ಇರಬೇಕು.

ಅಮಸಿದ್ದಪ್ಪನ ಹೆಸರು ಅಲ್ಲಿಯ ತನಕ ಎರಡು ಕಡೆ ಮಾತ್ರ ಇತ್ತು. ಒಂದು ರೇಶನ್ ಕಾರ್ಡು, ಇನ್ನೊಂದು ಮದುವೆಯಲ್ಲಿ ಬಂದ ಸ್ಟೀಲಿನ ಕೊಡ. ರಂಜನಾ ಚೀಲಗಳ ಮೇಲೆ ಅಂಗೈ ಅಗಲದ ಕಪ್ಪು ಅಕ್ಷರದಲ್ಲಿ 'ಅಮಸಿದ್ದಪ್ಪ, ಚಿಮ್ಮಡ' ಎಂದು ಬರೆಸಿದ ದಿನ ಆತ ಕುರಿ ಹಿಂದೆ ಹೋಗಲೇ ಇಲ್ಲ. ಪಡಸಾಲೆಯಲ್ಲಿ ಚೀಲಗಳ ಎದುರು ಕೂತ. ಹೆಸರು ಸಮುದ್ರ ದಾಟುತ್ತದೆ ಎಂಬ ಮಾತು ಆತನಿಗೆ ಎದೆಯೊಳಗೆ ಬೆಚ್ಚಗೆ ಹತ್ತಿಕೊಂಡಿತ್ತು. ನೋಡಲು ಬಂದವರಿಗೆಲ್ಲ ಚಹಾ ಮಾಡಿಸಿದ.

ಹಡಗು ನವೆಂಬರ್ ಮೂವತ್ತಕ್ಕೆ ಮಂಗಳೂರು ಬಿಡುವುದಿತ್ತು. ಇನ್ನೂ ಮೂರು ತಿಂಗಳು ಬಾಕಿ. ಉಳಿದ ಕಾಗದಗಳೆಲ್ಲ ಆಗಿ, ಬೇಕಾಗಿದ್ದದ್ದು ಒಂದೇ ಒಂದು: ಈ ಬೀಜಕ್ಕೆ ಹುಳ ಇಲ್ಲ, ರೋಗ ಇಲ್ಲ ಎಂಬ ಸಸ್ಯ ಆರೋಗ್ಯ ಪ್ರಮಾಣಪತ್ರ. ಜಮಖಂಡಿಯಲ್ಲಿ ದ್ರಾಕ್ಷಿ, ದಾಳಿಂಬೆಗಾಗಿ ತೆರೆದ ಸಸ್ಯಸೌಖ್ಯ ದೃಢೀಕರಣ ಉಪಕೇಂದ್ರದ ಅಧಿಕಾರಿ ಚನಮಲ್ಲಪ್ಪನವರು ಒಂದು ಸೋಮವಾರ ಸ್ವತಃ ಜೀಪಿನಲ್ಲಿ ಬಂದರು.

ಅವರು ಬರುವ ಹೊತ್ತಿಗೆ ಮಾಯವ್ವ ತನ್ನ ಕೆಲಸ ಮುಗಿಸಿದ್ದಳು. ಆ ಮನೆಯಿಂದ ಬೀರಪ್ಪನ ಅರಿಷಿಣ, ಅಂದರೆ ಭಂಡಾರ, ಬೀಳದೆ ಏನೂ ಹೊಸ್ತಿಲು ದಾಟುವುದಿಲ್ಲ. ಕುರಿ ಹಿಂಡು ಮೇಯಲು ಹೊರಟರೂ ಭಂಡಾರ, ಹೊಸ ಪಂಪ್‌ಸೆಟ್ಟು ಹೊಲಕ್ಕೆ ಹೊರಟರೂ ಭಂಡಾರ. ರಂಜನಾಳ ಪರೀಕ್ಷೆಯ ಹಾಲ್ ಟಿಕೆಟ್ಟು ಇವತ್ತಿಗೂ ಹಳದಿಯಾಗಿದೆ. ಅಷ್ಟು ದೂರ, ಅದೂ ನೀರಿನ ಮೇಲೆ ಹೋಗುವ ಚೀಲಗಳನ್ನು ಬರಿದೇ ಕಳಿಸಲು ಆಕೆಗೆ ಮನಸ್ಸಾದೀತೇ? ಐದೂ ಚೀಲದ ಬಾಯಿ ಬಿಚ್ಚಿ, ಬೀರಪ್ಪನನ್ನು ನೆನೆದು, ಒಂದೊಂದರೊಳಗೂ ಒಂದೊಂದು ಹಿಡಿ ಅರಿಷಿಣ ಪುಡಿ ತೂರಿದಳು.

ಚನಮಲ್ಲಪ್ಪನವರು ಮೊದಲ ಚೀಲದೊಳಗೆ ಕೈ ಹಾಕಿದರು. ಕೈ ಮಣಿಕಟ್ಟಿನ ತನಕ ಹಳದಿಯಾಗಿ ಹೊರಗೆ ಬಂತು. ಅವರು ಕೈಯನ್ನು ನೋಡಿದರು. ಜೀಪಿನ ಡ್ರೈವರ್ ಹಣಮಪ್ಪನ ಹಣೆ ನೋಡಿದರು, ಅಲ್ಲಿಯೂ ಅದೇ ಬಣ್ಣ ಇತ್ತು. ಆಮೇಲೆ ಕುರ್ಚಿ ತರಿಸಿ ಕೂತು ಫಾರ್ಮು ತೆರೆದರು.

ಫಾರ್ಮಿನ ಹದಿನಾಲ್ಕನೇ ಕಲಮು ಹೀಗಿತ್ತು: ಸರಕಿನ ಮೇಲೆ ಹಳದಿ ಪುಡಿ ಕಂಡುಬಂದಲ್ಲಿ, (ಅ) ತುಕ್ಕು ರೋಗ, (ಆ) ಇತರೆ ಶಿಲೀಂಧ್ರ. ಮೂರನೆಯದು ಇರಲಿಲ್ಲ.

"ಸಾಹೇಬ್ರ, ಅದು ಭಂಡಾರ ಐತ್ರಿ," ಎಂದ ಅಮಸಿದ್ದಪ್ಪ.

"ನನಗ ಗೊತ್ತೈತಿ ಅಮಸಿದ್ದಪ್ಪ. ನಿನಗೂ ಗೊತ್ತೈತಿ. ಫಾರ್ಮಿಗೆ ಗೊತ್ತಿಲ್ಲ."

ತುಕ್ಕು ರೋಗ ಬರುವುದು ಕಾಫಿ ಎಲೆಗೆ, ಒಣಗಿದ ಬೀಜಕ್ಕಲ್ಲ ಎಂದು ರಂಜನಾ ಹೇಳಿದಳು. ಪುಸ್ತಕದ ಮಟ್ಟಿಗೆ ಅದು ಖರೆ ಎಂದು ಚನಮಲ್ಲಪ್ಪನವರು ಒಪ್ಪಿದರು. ಹಂಗಾದರೆ ಜಾಡಿಸಿ ತೆಗೆಯುತ್ತೇವೆ ಎಂದಳು. ಸಾಕ್ಷ್ಯನಾಶಕ್ಕೆ ಬೇರೆ ಫಾರ್ಮು ಇದೆ ಎಂದರು. 'ಆ'ಗೆ ಗುರುತು ಹಾಕಿದರೆ ಕಡತ ದಿಲ್ಲಿಗೆ ಹೋಗಿ ಎರಡು ವರ್ಷ ಅಲ್ಲಿಯೇ ಇರುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತೇನೆ ಎಂದು 'ಅ'ಗೆ ಗುರುತು ಹಾಕಿದರು. ಅವರು ಕೆಟ್ಟ ಮನುಷ್ಯರಲ್ಲ. ಹೋಗುವಾಗ ಮಾಯವ್ವನ ಕೈಯಿಂದ ತಾವೂ ಹಣೆಗೆ ಭಂಡಾರ ಹಚ್ಚಿಸಿಕೊಂಡು ಹೋದರು. ಐದೂ ಚೀಲಕ್ಕೆ ಅರಗಿನ ಮುದ್ರೆ ಬಿತ್ತು.

ನಾಲ್ಕನೇ ದಿನ ಪಂಚಾಯತಿ ಗೋಡೆಗೆ ಪ್ರಕಟಣೆ ಹತ್ತಿತು.

"ಚಿಮ್ಮಡ ಗ್ರಾಮವನ್ನು ಕಾಫಿ ತುಕ್ಕು ರೋಗ ಪೀಡಿತ ಪ್ರದೇಶವೆಂದು ಈ ಮೂಲಕ ಘೋಷಿಸಲಾಗಿದೆ. ಸಾರ್ವಜನಿಕರು ತಮ್ಮ ಕಾಫಿ ಗಿಡಗಳನ್ನು ಮುಟ್ಟತಕ್ಕದ್ದಲ್ಲ. ಹಣೆಯ ಮೇಲೆ ಹಳದಿ ಪುಡಿ ಉಳ್ಳವರು ಗ್ರಾಮದ ಗಡಿ ದಾಟುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳತಕ್ಕದ್ದು. ಒದ್ದೆ ಬಟ್ಟೆಯನ್ನು ಇಲಾಖೆಯೇ ಒದಗಿಸುವುದು. ರೋಗಗ್ರಸ್ತ ಗಿಡಗಳನ್ನು ಕಿತ್ತುಹಾಕುವ ರೈತರಿಗೆ ಗಿಡವೊಂದಕ್ಕೆ ಮುನ್ನೂರು ರೂಪಾಯಿ ಪರಿಹಾರ ನೀಡಲಾಗುವುದು. ಗುರಿ: ಹತ್ತು ಸಾವಿರ ಗಿಡಗಳು."

ಬನಹಟ್ಟಿ ರಸ್ತೆಯಲ್ಲಿ ಒಂದು ಟೇಬಲ್ಲು, ಒಂದು ಬಕೆಟ್ಟು, ಒಂದು ಟವೆಲ್ಲು ಬಂದವು. ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ಹಣೆ ಒರೆಸಿಕೊಂಡು ಹತ್ತುತ್ತಿದ್ದರು. ಒಂದು ವಾರದಲ್ಲಿ ಟವೆಲ್ಲು ಹಳದಿಯಾಗಿ, ಹಚ್ಚಿಕೊಳ್ಳದೆ ಬಂದವರ ಹಣೆಗೂ ಬಣ್ಣ ಹತ್ತತೊಡಗಿತು. ಅಂಥವರನ್ನು ತಿರುಗಿ ಸಾಲಿಗೆ ನಿಲ್ಲಿಸಲಾಯಿತು. ಯಾರೂ ಜಗಳ ತೆಗೆಯಲಿಲ್ಲ. ಬಕೆಟ್ಟಿನ ಪಕ್ಕ ಒಬ್ಬಾಕಿ ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟಳು, ಛಲೋ ನಡೆಯಿತು.

ತೊಡಕು ಬಂದದ್ದು ಲೆಕ್ಕದಲ್ಲಿ. ಮೊದಲ ತಿಂಗಳ ವರದಿಯಲ್ಲಿ ಕಿತ್ತ ಗಿಡ ಸೊನ್ನೆ ಎಂದು ಹೋಯಿತು. ಗುರಿ ಸಾಧನೆ ಶೂನ್ಯವಾಗಲು ಕಾರಣವೇನು, ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ ಎಂದು ಮೇಲಿನಿಂದ ಪತ್ರ ಬಂತು. ಗಿಡವೇ ಇಲ್ಲ ಎಂದು ಬರೆಯುವಂತಿರಲಿಲ್ಲ. ರೋಗ ಇದೆ ಎಂದು ಅದೇ ಕೈಯಿಂದ ಬರೆದಾಗಿತ್ತು. ಚನಮಲ್ಲಪ್ಪನವರಿಗೆ ನಿದ್ದೆ ಹತ್ತಲಿಲ್ಲ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು ಪಾಪ.

ಪಂಚಾಯತಿಯಲ್ಲಿ ಸಭೆ ಸೇರಿತು. ಊರಿನಲ್ಲಿ ಮೂವತ್ತು ಎಕರೆ ಕಬ್ಬು ಇರುವ ಗಿರಿಮಲ್ಲಪ್ಪ ಎದ್ದು ನಿಂತು, ಇಲಾಖೆಗೆ ಗಿಡ ಬೇಕಿದ್ದರೆ ಊರು ಹಿಂದೆ ಸರಿಯುವುದಿಲ್ಲ, ಹಚ್ಚೋಣ, ಆಮೇಲೆ ಕೀಳೋಣ ಎಂದ. ಹಚ್ಚಲು ಬೇರೆ ಸಹಾಯಧನ ಇದೆಯೇ ಎಂದೂ ವಿಚಾರಿಸಿದ. ಇತ್ತು. ಬೀಜ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಎಲ್ಲರೂ ಕಡೆಯ ಬೆಂಚಿನ ಮೇಲಿದ್ದ ಅಮಸಿದ್ದಪ್ಪನ ಕಡೆ ತಿರುಗಿದರು.

ಅಮಸಿದ್ದಪ್ಪ ಎದ್ದು ನಿಂತ. ಅವು ಬಿತ್ತುವ ಬೀಜ ಅಲ್ಲ, ಹೊರಗೆ ಹೋಗುವ ಮಾಲು, ಹಡಗು ಕಾಯುತ್ತದೆ ಎಂದು ಕೈಮುಗಿದ. ಮುದ್ರೆ ಬಿದ್ದ ಮಾಲು ಇಲಾಖೆಯ ವಶದಲ್ಲಿದೆ, ಆದರೂ ಒಡೆಯನ ಸಮ್ಮತಿ ಕೇಳುವುದು ಮರ್ಯಾದೆ ಎಂದು ಚನಮಲ್ಲಪ್ಪನವರು ಅನುನಯದಿಂದ ಹೇಳಿದರು. ರೋಗ ಹೋದರೆ ಪ್ರಮಾಣಪತ್ರ ಬರುತ್ತದೆ, ರೋಗ ಹೋಗಬೇಕಾದರೆ ಗಿಡ ಕೀಳಬೇಕು, ಗಿಡ ಕೀಳಬೇಕಾದರೆ ಬಿತ್ತಬೇಕು, ಆದ್ದರಿಂದ ನಿನ್ನ ಪ್ರಮಾಣಪತ್ರಕ್ಕಾಗಿಯೇ ನಿನ್ನ ಕಾಫಿ ಬೇಕಾಗಿದೆ ಎಂದು ವಿವರಿಸಿದರು. ಅದರಲ್ಲಿ ತಪ್ಪು ಎಲ್ಲಿದೆ ಎಂದು ಅಮಸಿದ್ದಪ್ಪನಿಗೆ ಹುಡುಕಲು ಆಗಲಿಲ್ಲ.

"ನನ್ನ ಹೆಸರರೀ?" ಎಂದು ಮಾತ್ರ ಕೇಳಿದ.

"ಬೀಜದಾನಿ ಅಂತ ರಜಿಸ್ಟರಿನಾಗ ಮೊದಲನೇ ಹೆಸರು ನಿಂದ ಬರ್ಕೋತೇವಿ."

ಅರಗಿನ ಮುದ್ರೆ ಒಡೆದು, ಮನೆಗೊಂದು ಸೇರಿನಂತೆ ಹಂಚಲಾಯಿತು. ಗಿರಿಮಲ್ಲಪ್ಪನ ಮನೆಯಲ್ಲಿ ಆ ದಿನ ಹನ್ನೊಂದು ಮನೆಗಳಿದ್ದವು. ರಂಜನಾ ತಡೆಯಲಾರದೆ ಆತನ ಹೊಲಕ್ಕೇ ಹೋಗಿ, ಸಿಪ್ಪೆ ತೆಗೆದು ಒಣಗಿಸಿದ ಈ ಬೀಜ ಮೊಳೆಯುವುದಿಲ್ಲ, ಸುಮ್ಮನೆ ಮಣ್ಣುಪಾಲು ಮಾಡಬೇಡಿ ಎಂದು ಅತ್ತಳು. ಗಿರಿಮಲ್ಲಪ್ಪ ಆಕೆಯ ತಲೆಯ ಮೇಲೆ ಕೈಯಿಟ್ಟ.

"ಮೊಳಿಯಂಗಿಲ್ಲ ಅಂತನ ಬಿತ್ತಾಕತ್ತೇನಿ ತಂಗಿ. ಮೊಳಿತಿದ್ರ ನನ್ನ ಕಬ್ಬಿನ ನೀರು ಕುಡೀತಿತ್ತು."

ಬೀಜ ಮೊಳೆಯಲಿಲ್ಲ. ಪರಿಶೀಲನಾ ಸಮಿತಿ ಬಂದು ಸಾಲು ಸಾಲು ಬರಿ ಮಣ್ಣನ್ನು ಫೋಟೋ ಹಿಡಿಯಿತು. ರೋಗದ ತೀವ್ರತೆಯಿಂದ ಭೂಮಿಯಿಂದ ಮೇಲಕ್ಕೇ ಬಾರದ ಗಿಡಗಳನ್ನು ಪೂರ್ಣ ಕಿತ್ತ ಗಿಡಗಳೆಂದು ಪರಿಗಣಿಸತಕ್ಕದ್ದು ಎಂಬ ಉಪನಿಯಮ ಸಕಾಲದಲ್ಲಿ ಹೊರಬಿತ್ತು. ಹತ್ತು ಸಾವಿರದ ಗುರಿಗೆ ಹನ್ನೆರಡು ಸಾವಿರದ ನಾಲ್ಕು ನೂರು ಗಿಡಗಳ ಸಾಧನೆಯಾಯಿತು. ಪರಿಹಾರ ಎಲ್ಲರ ಖಾತೆಗೂ ಬಂತು. ಅಮಸಿದ್ದಪ್ಪ ಬಿತ್ತಿರಲಿಲ್ಲವಾದ್ದರಿಂದ ಆತನಿಗೆ ಬರಲಿಲ್ಲ.

ನವೆಂಬರ್ ಇಪ್ಪತ್ತಾರರಂದು ಚಿಮ್ಮಡದ ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿ ಗ್ರಾಮವನ್ನು ತುಕ್ಕುಮುಕ್ತ ಎಂದು ಘೋಷಿಸಲಾಯಿತು. ಬಕೆಟ್ಟು ತೆಗೆಯಲಾಯಿತು. ಮಿರ್ಚಿ ಅಂಗಡಿಯಾಕಿ ಅದನ್ನು ಇನ್ನೊಂದು ವರ್ಷ ಮುಂದುವರಿಸಲು ಮನವಿ ಕೊಟ್ಟಳು. ಅಮಸಿದ್ದಪ್ಪನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಪ್ರಮಾಣಪತ್ರ ಕೊಟ್ಟರು. ಹಡಗಿಗೆ ಇನ್ನೂ ನಾಲ್ಕು ದಿನ ಇತ್ತು. ಇಲಾಖೆಯ ಕಡೆಯಿಂದ ಒಂದು ದಿನವೂ ತಡವಾಗಿರಲಿಲ್ಲ.

ಮನೆಗೆ ಬಂದು ರಂಜನಾ ಓದಿ ಹೇಳಿದಳು. ರಫ್ತುದಾರ: ಅಮಸಿದ್ದಪ್ಪ, ಚಿಮ್ಮಡ. ಸರಕು: ಹಸಿರು ಕಾಫಿ. ಚೀಲಗಳು: ಐದು. ನಿವ್ವಳ ತೂಕ: ಇಲ್ಲ. ರೋಗ: ಇಲ್ಲ. ಕೀಟ: ಇಲ್ಲ. ಅಮಸಿದ್ದಪ್ಪ ಇನ್ನೊಮ್ಮೆ ಓದಿಸಿದ. ಮೊದಲ ಸಾಲು ಬಂದಾಗ ಆತನಿಗೆ ಖುಷಿಯಾಯಿತು, ಆಮೇಲೆ ತೂಕ ಬಂದಾಗ ಅಳು ಬಂತು. ಎರಡನ್ನೂ ನುಂಗಿಕೊಂಡು ಕೂತ. ಪಡಸಾಲೆಯ ಮೂಲೆಯಲ್ಲಿ, ಪಂಚಾಯತಿಯವರು ರಸೀದಿ ಬರೆಸಿಕೊಂಡು ತಿರುಗಿ ಕೊಟ್ಟಿದ್ದ ಐದು ಖಾಲಿ ಚೀಲಗಳು ಮಡಚಿದಂತೆಯೇ ಇದ್ದವು.

ರಂಜನಾ ಬೆಲ್ಜಿಯಂನವನಿಗೆ ನಡೆದದ್ದನ್ನೆಲ್ಲ ಬರೆದಳು. ಆತ ಎರಡು ದಿನ ಉತ್ತರ ಕೊಡಲಿಲ್ಲ. ನಂಬಿದನೋ ಇಲ್ಲವೋ, ಮೂರನೇ ದಿನ ಬರೆದ: ಕಾಫಿ ಹೋದರೆ ಹೋಗಲಿ, ಆ ಹೆಸರಿರುವ ಚೀಲಗಳನ್ನಾದರೂ ಕಳಿಸಿ, ಅಂಗಡಿಯ ಗೋಡೆಗೆ ತೂಗುಹಾಕುತ್ತೇನೆ. ಸೆಣಬಿನ ಚೀಲಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೆಂದು ಕೇಳಿ ಅಮಸಿದ್ದಪ್ಪ ಜಮಖಂಡಿಗೆ ಓಡಿದ. ಚನಮಲ್ಲಪ್ಪನವರು ಹಳೆಯ ಪ್ರಮಾಣಪತ್ರವನ್ನೇ ತಿರುಗಿಸಿ ನೋಡಿ, ಚೀಲ ಐದು, ತೂಕ ಇಲ್ಲ, ಎಲ್ಲಾ ಬರೋಬರಿ ತಾಳೆ ಆಗ್ತದ ನೋಡು ಎಂದು ಬೆನ್ನು ತಟ್ಟಿದರು. ಅಭಿಯಾನದ ಅನುಭವದಿಂದ ಇಲಾಖೆ ಒಂದು ಸುಧಾರಣೆಯನ್ನೂ ತಂದಿತ್ತು. ಭಂಡಾರ ಹಚ್ಚುವವರಿಗಾಗಿ ಪೂರ್ವಾನುಮತಿ ಅರ್ಜಿ. ಬೇಕಾದೀತೆಂದು ಅದರ ಒಂದು ಕಟ್ಟನ್ನೂ ಕೊಟ್ಟು ಕಳಿಸಿದರು.

ಮರುದಿನ ಮುಂಜಾನೆ ಚೀಲಗಳು ಅಂಚೆಯಲ್ಲಿ ಹೊರಡಬೇಕಿತ್ತು. ಮಾಯವ್ವ ಸ್ನಾನ ಮಾಡಿ, ದೇವರ ಮುಂದಿನ ಭಂಡಾರದ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತುಂಬಿಕೊಂಡು ಪಡಸಾಲೆಗೆ ಬಂದಳು. ಅಮಸಿದ್ದಪ್ಪ ಜನ್ಮದಲ್ಲಿ ಮೊದಲ ಬಾರಿಗೆ ಆಕೆಯ ಮಣಿಕಟ್ಟು ಹಿಡಿದ.

"ಬ್ಯಾಡ. ಮೊದಲ ಅರ್ಜಿ ಕೊಡಬೇಕು."

"ಬೀರಪ್ಪಗ ಅರ್ಜಿ?"

"ಇಲ್ಲ. ಹಚ್ಚಾಕಿ ನೀನು, ನೀ ಕೊಡಬೇಕು."

ಮಾಯವ್ವ ಗಂಡನ ಮುಖ ನೋಡಿದಳು. ಆತ ತಮಾಷೆ ಮಾಡುತ್ತಿರಲಿಲ್ಲ. ಹಿಡಿಯಲ್ಲಿದ್ದ ಭಂಡಾರವನ್ನು ತಿರುಗಿ ಚೀಲಕ್ಕೆ ಸುರಿದು ಬಂದು ಎದುರು ಕೂತಳು. ಅಮಸಿದ್ದಪ್ಪ ಮಗಳ ಪೆನ್ನು ಈಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಎಲ್ಲ ಕಲಮು ತುಂಬಿದ. ಪುಡಿಯ ಹೆಸರು, ಪುಡಿಯ ಬಣ್ಣ, ಪ್ರಮಾಣ ಒಂದು ಹಿಡಿ, ಉದ್ದೇಶ ದೇವರು. ಕೊನೆಗೆ ಅರ್ಜಿದಾರಳ ಸಹಿ ಎಂದಿದ್ದಲ್ಲಿ ಬೆರಳು ತೋರಿಸಿದ. ಮಾಯವ್ವಳಿಗೆ ಸಹಿ ಬರುವುದಿಲ್ಲ. ಹೆಬ್ಬೆಟ್ಟು ಊರಿ ತೆಗೆದಳು.

ಹಾಳೆಯ ಮೇಲೆ ಹಳದಿ ಹೆಬ್ಬೆಟ್ಟು ಮೂಡಿತ್ತು.

ಅಮಸಿದ್ದಪ್ಪ ಅದನ್ನು ನೋಡಿದ. ಕಟ್ಟಿನಿಂದ ಇನ್ನೊಂದು ಫಾರ್ಮು ತೆಗೆದು, ಕೈ ತೊಳ್ಕೊಂಡು ಬಾ ಎಂದು ಹೆಂಡತಿಯನ್ನು ಕಳಿಸಿ, ಮೊದಲ ಕಲಮಿನಿಂದ ಬರೆಯತೊಡಗಿದ.