ಮೊದ್ಲ ಕಾಕಾ ಜಿಗೀಬೇಕು

ನಮ್ಮ ಕಾಕಾ ಕುಂತದ್ದಕ್ಕಿಂತ ಮುರದದ್ದ ಹೆಚ್ಚು. ಕುರ್ಚಿ, ಸ್ಟೂಲು, ಹೊರಸು, ಬಚ್ಚಲ ಮುಂದ ಹಾಸಿದ್ದ ಹಲಗಿ, ಒಂದನ್ನೂ ಬಿಟ್ಟಾಂವ ಅಲ್ಲ! ಹಿಂಗಂದ್ರ ನೀವು ಆಂವ ಭಾಳ ದಪ್ಪ ಇದ್ದಾನು ಅಂತ ತಿಳ್ಕೊಂಡೀರಿ. ಇಲ್ರೀ. ಗಾಳಿ ಬೀಸಿದ್ರ ಅಂಗಿ ಒಳಗ ಮನಶ್ಯಾ ಅದಾನೋ ಇಲ್ಲೋ ಅಂತ ಮುಟ್ಟಿ ನೋಡಬೇಕು, ಅಷ್ಟ ಸಣಕಲ. ಆದ್ರ ಯಾರರ ಯಾವುದರ ಮ್ಯಾಲರ ಕಾಲಿಡಾಕ ಹೊಂಟ್ರು ಅಂದ್ರ ಸಾಕು, "ತಡೀರಿ, ಮೊದ್ಲ ನಾ" ಅಂತ ಮುಂದ ನುಗ್ಗಿ, ಅದರ ಮ್ಯಾಲ ಏರಿ, ಧಪ್ ಧಪ್ ಅಂತ ಜಿಗದು, ಬಗ್ಗಿ ಕೆಳಗ ನೋಡಿ, ಆಮ್ಯಾಲ "ಬರ್ರಿ, ಗಟ್ಟಿ ಐತಿ" ಅಂತಿದ್ದ. ಗಟ್ಟಿ ಇಲ್ಲಂದ್ರ ಹೇಳೋದ ಬೇಕಾಗ್ತಿರಲಿಲ್ಲ, ಆಂವ ಕೆಳಗ ಬಿದ್ದಿರ್ತಿದ್ದ.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಗೌಂಡಿ ಕೆಲಸ. ನಾವು ಮೂಲ ವಿಜಾಪುರ ಕಡೆಯಾವ್ರು, ಆದ್ರ ನನಗ ಬುದ್ಧಿ ತಿಳದಾಗಿಂದ ಗೋವಾದಾಗ ಅದೇವಿ, ಸಾಂಕೋಲೆ ಗುಡ್ಡದ ಮ್ಯಾಲ ಒಂದಕ್ಕೊಂದು ಹತ್ತಿದ ಬಾಡಿಗಿ ಖೋಲಿಯಾಗ. ನಮ್ಮ ಖೋಲಿಗೂ ಕಾಕಾನ ಖೋಲಿಗೂ ನಡುವ ಒಂದ ಗ್ವಾಡಿ. ಆಂವ ಮುಂಜಾನಿ ಎದ್ದು ಹೊರಸಿನ ಮ್ಯಾಲ ಜಿಗಿದಾ ಅಂದ್ರ ನಮ್ಮ ಮಾಡದಾಗಿನ ದೇವರ ಫೋಟೋ ನಡಗ್ತಿತ್ತು. "ರಾತ್ರೆಲ್ಲಾ ಅದರ ಮ್ಯಾಲನ ಮಲಗಿದ್ರಿ, ಈಗೇನ ನೋಡ್ತೀರಿ?" ಅಂತ ಕಾಕಿ ಬೈತಿದ್ಲು. "ರಾತ್ರಿ ಗಟ್ಟಿ ಇತ್ತು. ಈಗಿಂದ ಯಾರಿಗೆ ಗೊತ್ತ?" ಅಂತಿದ್ದ ಕಾಕಾ. ಇಂಥಾವನ ಜೋಡಿ ಏನ ವಾದಾ ಮಾಡ್ತೀರಿ, ಹೇಳ್ರಿ!

ಒಮ್ಮೆ ಕೊರ್ತಾಲಿಮ್ ಧಕ್ಕೆಯಿಂದ ಫೆರಿಬೋಟ್ ಹತ್ತಿ, ಹೊಳಿ ಆಚೆ ದಂಡಿಯೊಳಗ ಒಂದು ಕೂಸಿನ ತೊಟ್ಟಲ ಕಾರ್ಯಕ್ಕ ಹೊಂಟಿದ್ವಿ. ಬೋಟ್ ಬಂತು. ಕಬ್ಬಿಣದ ಬಾಗಲಾ ದಂಡಿಗೆ ಇಳೀತು. ಹಿಂದ ಕಾರು, ಸ್ಕೂಟರು, ಮೀನಿನ ಬುಟ್ಟಿ ಹೊತ್ತ ಬಾಯಂದಿರು, ಎಲ್ಲಾರೂ ತಯಾರ. ನಮ್ಮ ಕಾಕಾ ಎರಡೂ ಕೈ ಅಗಲ ಮಾಡಿ "ತಡೀರಿ, ಮೊದ್ಲ ನಾ" ಅಂತ ಆ ಕಬ್ಬಿಣದ ಮ್ಯಾಲ ಜಿಗಿಯಾಕ ಹತ್ತಿದ! ಬೋಟಿನಾಂವ ಮ್ಯಾಲಿಂದ ಒದರಿದ, "ಅರೇ, ಕಿತೆಂ ಕರ್ತಾ ರೇ ತೂಂ?" ಏನ ಮಾಡಾಕತ್ತೀಯೋ ಅಂತ. ಕಾಕಾ ತನ್ನ ಹರಕ ಮುರಕ ಕೊಂಕಣಿಯಾಗ "ಪಳಯತಾಂ ಸಾಯಬಾ, ಪಳಯತಾಂ" ಅಂದ. ನೋಡಾಕತ್ತೇನಿ ಸಾಹೇಬಾ ಅಂತ. ನಾ ಅಂಗಿ ಹಿಡದು ಜಗ್ಗಿದೆ. "ಕಾಕಾ, ಇದರ ಮ್ಯಾಲ ಟ್ರಕ್ ಹೋಗ್ತಾವು, ಬಾ ಸಾಕು!" ಅಂದೆ. ಕಾಕಾ ಮಾತ್ರ ಗಂಭೀರ. "ಟ್ರಕ್ಕಿಗೇನ್ ಬಿಡವಾ, ಅದಕ್ಕ ಹೆಂಡ್ತಿ ಮಕ್ಕಳ ಇರಂಗಿಲ್ಲ" ಅಂದ.

ನನ್ನ ಮದವಿ ಕಥಿ ಕೇಳ್ರಿ ಇನ್ನ. ಖೋಲಿ ಮುಂದ ಮಂಟಪ ಹಾಕಿಸಿದ್ವಿ, ಬಾಡಿಗಿ ಸ್ಟೇಜು ತರಿಸಿದ್ವಿ. ಭಟ್ಟರು ವ್ಯಾಳ್ಯಾ ಆತು ವ್ಯಾಳ್ಯಾ ಆತು ಅನ್ನಾಕತ್ತಾರ, ಮಂದಿ ಕೈಯಾಗ ಅಕ್ಕಿಕಾಳ ಹಿಡಕೊಂಡು ನಿಂತಾರ. ಕಾಕಾ ಹೊಸಾ ಧೋತರ ಉಟ್ಟು, ಗುಲಾಬಿ ಪಟಗಾ ಸುತ್ತಿ, ಸ್ಟೇಜ್ ಏರಿ ಜಿಗಿಯಾಕ ಹತ್ತಿದ. ಪಾಪ, ಬ್ಯಾಂಡಿನಾವ್ರು ಹುಡುಗಿ ಕಾಕಾ ಖುಷಿಲೆ ಕುಣಿಯಾಕತ್ತಾನ ಅಂತ ತಿಳದು ಇನ್ನೂ ಜೋರ್ ಬಾರಿಸಿದ್ರು! ಅಷ್ಟರಾಗ ಹಲಗಿ ಕಟಕ್ ಅಂತು. ಕಾಕಾ ಕುತ್ತಿಗಿ ಮಟಾ ಒಳಗ. ಮ್ಯಾಲ ಬರೇ ಪಟಗಾ, ಮೀಸಿ, ಎರಡು ಕೈ. ಮುಂದ ನನಗ ಅತ್ತಿ ಆಗಬೇಕಾದಾಕಿ ನಮ್ಮವ್ವನ ಕಡೆ ತಿರುಗಿ, "ಹುಡುಗಿ ಕಾಕಾಗ ತಲಿ ಸರಿ ಐತೇನ್ರಿ?" ಅಂದ್ಲು. ಕಾಕಾ ಆ ತೂತಿನ್ಯಾಗಿಂದನ ಕೈ ಮುಗದು, "ಬೀಗತಿಯವ್ರ, ಇದು ನೀವು ಕುಂದರೋ ಜಾಗಾ ಇತ್ರಿ" ಅಂದ. ನಮ್ಮತ್ತಿ ಮೈಕೈ ತುಂಬಿಕೊಂಡಾಕಿ. ಒಮ್ಮೆ ಹಲಗಿ ನೋಡಿದ್ಲು, ಒಮ್ಮೆ ತನ್ನನ್ನ ತಾ ನೋಡ್ಕೊಂಡ್ಲು. ಊಟದ ಹೊತ್ತಿನ್ಯಾಗ ಕಾಕಾನ ಹೋಳಗಿ ಮ್ಯಾಲ ತುಪ್ಪಾ ಅಕೀನ ನಿಂತು ಸುರವಿದ್ಲು.

ನಗಾಕತ್ತೀರಿ. ನಗ್ರಿ, ನಾವೂ ನಗ್ತಿದ್ವಿ. ಆದ್ರ ನಮ್ಮವ್ವ ಮಾತ್ರ ಎಂದೂ ನಗಲಿಲ್ಲ.

ಯಾಕಂದ್ರ ನಮ್ಮಪ್ಪನೂ ಗೌಂಡಿನ ಇದ್ದ. ಅಣ್ಣ ತಮ್ಮ ಇಬ್ಬರೂ ಕೊರ್ತಾಲಿಮ್‌ದಾಗ ಒಂದ ಬಿಲ್ಡಿಂಗಿನ ಮ್ಯಾಲ ಕೆಲಸ. ಎತ್ತರದ ಗ್ವಾಡಿಗೆ ಗಿಲಾವ ಮಾಡಾಕ ಹೊರಗ ಬಿದರು ಕಟ್ಟಿ ಅದರ ಮ್ಯಾಲ ಹಲಗಿ ಹಾಸ್ತಾರಲ್ಲ, ನಮ್ಮ ಮಂದಿ ಅದಕ್ಕ ಪರಾಂಚಿ ಅಂತಾರ. ದಿನಾ ಮುಂಜಾನಿ ಪರಾಂಚಿ ಮೊದ್ಲ ಏರಾಂವ ಕಾಕಾ. ಹಗರ ಮನಶ್ಯಾ, ಮಂಗ್ಯಾನಂಗ ಏರ್ತಿದ್ದ. ಅವತ್ತ ಆಂವ ಕೆಳಗ ನಿಂತು ಅಂಗೈಯಾಗ ತಂಬಾಕು ಸುಣ್ಣಾ ತಿಕ್ಕಾಕತ್ತಿದ್ದ. "ನೀ ತಿಕ್ಕು ತಮ್ಮಾ, ನಾ ಏರ್ತೇನಿ" ಅಂತ ನಮ್ಮಪ್ಪ ಮ್ಯಾಲ ಹೋದ. ಹೋಗಿ ಕಾಲಿಟ್ಟ. ಹಲಗಿ ಒಳಗಿಂದ ಗೆದ್ದಲ ತಿಂದಿತ್ತು.

ಅಪ್ಪ ಬಿದ್ದದ್ದು ಕಾಕಾನ ಕಾಲ ಹತ್ರನ. ಆಸ್ಪತ್ರಿಗೆ ಹೊತ್ಕೊಂಡು ಹೋಗೋ ಮುಂದೂ ಕಾಕಾನ ಒಂದ ಅಂಗೈಯಾಗ ಆ ತಂಬಾಕು ಹಂಗ ಇತ್ತಂತ. ನಮ್ಮವ್ವ ನೋಡ್ಯಾಳ. ಅವತ್ತಿಂದ ಕಾಕಾ ತಂಬಾಕು ಬಿಟ್ಟ, ಜಿಗಿಯೋದು ಹಿಡದ.

ದೊಡ್ಡ ದೊಡ್ಡ ಕೆಲಸದ ಕಡೆ ಸೊಂಟಕ್ಕ ಪಟ್ಟಾ, ಹೆಲ್ಮೆಟ್ಟು, ಕೆಳಗ ಬಲಿ ಎಲ್ಲಾ ಇರ್ತಾವಂತ. ನಮ್ಮ ಮಂದಿಗೆ ಸಿಗೋ ಕೆಲಸದಾಗ ಸಿಗೋದು ಬೈಗಳ ಒಂದ. ಕಾಕಾ ಒಂದ ಕೈಲೆ ಬಿದರು ಹಿಡದು ಜಿಗಿದು ಜಿಗಿದು ಲಡ್ಡಾದ, ಕೊಳತ ಹಲಗಿ ಮುರೀತಿದ್ದ, ಆಳ ದುಡಸೋ ಮುಕಾದಮ್ ಹಾರ್ಯಾಡ್ತಿದ್ದ. "ಜಿಗಿದ್ರ ಹಲಗಿ ಮುರೀತಾವಲೇ!" ಅಂತ ಮುಕಾದಮ್. "ಮುರಿಯೋ ಹಲಗಿ ಮ್ಯಾಲ ನಿಮ್ಮವ್ವನ್ನ ಏರಸ್ತೀರೇನ್ರಿ?" ಅಂತ ಕಾಕಾ. ಬಾಯಿ ಸುಮ್ಮನಿರಂಗಿಲ್ಲ ನೋಡ್ರಿ! ಕೆಲಸಾ ಹೋತು. ಮತ್ತೊಂದು ಕಡೆ ಸಿಕ್ತು, ಅದೂ ಹೋತು. ಹಲಗಿ ಗಟ್ಟಿ ಇದ್ದ ದಿನಾನೂ ಅರ್ಧಾ ಮುಂಜಾನಿ ಇಂವನ ಜಿಗದಾಟದಾಗ ಹೋಗ್ತಿತ್ತು, ಯಾವ ಮಾಲಕ ಸಹಿಸ್ತಾನ? ಕಡೀಕ ಸಾಂಕೋಲೆ ಸುತ್ತಮುತ್ತ ಯಾರೂ ಅವನ್ನ ಕೆಲಸಕ್ಕ ತಗೊಳಲಾರದಂಗಾತು.

ಆದ್ರ ಒಂದು ತಮಾಷಿ ಆತು. ಕಾಕಾನ್ನ ಮಾಲಕರು ಬಿಡಿಸಿದ್ರು, ಮಂದಿ ಬಿಡಲಿಲ್ಲ. ನಮ್ಮ ಕಡೆ ಹೆಣ್ಣು ಗಂಡು ಎಲ್ಲಿ ಕೆಲಸಾ ಮಾಡ್ಲಿ, ಹೊಸಾ ಪರಾಂಚಿ ಕಟ್ಟಿದ್ರು ಅಂದ್ರ ಗಾರಿ ಪುಟ್ಟಿ ಕೆಳಗ ಇಟ್ಟು ಕುಂತು ಬಿಡ್ತಿದ್ರು. "ಯಾಕ ಏರವಲ್ರಿ?" ಅಂದ್ರ, "ಮೊದ್ಲ ಕಾಕಾ ಜಿಗೀಬೇಕ್ರಿ" ಅಂತಿದ್ರು. ನಮ್ಮ ಕಾಕಾ ಈಗ ಎಲ್ಲಾರ ಕಾಕಾ ಆಗಿ ಬಿಟ್ಟಿದ್ದ! ಒಬ್ಬರು ಫೋನ್ ಮಾಡೋದು, ಇಂವ ಬಸ್ ಹಿಡಿಯೋದು. ಕಲಂಗುಟ್‌ದಾಗ ಒಂದ ಕಡೆ ಕಾವಲುಗಾರ ಕಳ್ಳ ಅಂತ ತಿಳದು ಬಡಿಗಿಲೆ ಬಾರಿಸಿ ಕಳಿಸಿದ. ಕಣ್ಣು ಬಾತು ಬದನೀಕಾಯಿ ಆಗಿತ್ತು. "ಆದ್ರ ಹಲಗಿ ಎಲ್ಲಾ ಚಲೋ ಅದಾವ" ಅಂದ, ಮನಿಗೆ ಬಂದು.

ಅವತ್ತ ಕಾಕಿ ತಡಕೊಳ್ಳಲಿಲ್ಲ. ಗ್ವಾಡಿ ಆಚೆ ನಮಗೆಲ್ಲಾ ಕೇಳಸ್ತು.

"ನಿಮ್ಮಣ್ಣ ಹೋಗಿ ನಮ್ಮಕ್ಕನ ಬಳಿ ಒಡದ್ವು. ನನ್ನ ಕೈಯಾಗಿನ ಬಳಿ ನಿಮಗ ಭಾರ ಆಗ್ಯಾವೇನ್ರಿ?"

"ಏ ಹುಚ್ಚಿ, ನಾ ಸಣಕಲ ಅದೇನಿ. ನಾ ಏರಿದ್ದು ಹಲಗಿಗೆ ಗೊತ್ತ ಆಗಂಗಿಲ್ಲ."

"ಹಲಗಿಗೆ ಗೊತ್ತ ಆಗಂಗಿಲ್ಲಂದ್ರ ಜಿಗಿದು ಏನ ಉಪಯೋಗ?"

ಕಾಕಾನ ಬಾಯಿ ಕಟ್ಟಿದಾಕಿ ಜಗತ್ತಿನ್ಯಾಗ ಕಾಕಿ ಒಬ್ಬಾಕಿನ ನೋಡ್ರಿ! ನಾವು ಬಾಯಿಗೆ ಸೆರಗ ಹಿಡಕೊಂಡು ನಕ್ಕಿವಿ. ಮರುದಿನಾ ಏನಾತು ಗೊತ್ತೇನು? ಕಾಕಾ ಒಂದು ಸಿಮಿಟ್ ಚೀಲದಾಗ ಉಸುಕು ತುಂಬಿ, ಬೆನ್ನಿಗೆ ಕಟ್ಕೊಂಡು ಹೊಂಟ. "ನೀ ಹೇಳಿದ್ದು ಖರೇ ಐತಿ. ಗಾರಿ ಪುಟ್ಟಿ ಹೊತ್ತಾಕಿ ನನಗಿಂತ ಭಾರ ಇರ್ತಾಳ. ಅಕಿ ಭಾರಲೆ ಜಿಗೀಬೇಕು" ಅಂದ. ಕಾಕಿ ಹಣಿ ಹಣಿ ಬಡಕೊಂಡ್ಲು. ಆ ಮಾತು ತಾ ಯಾಕರ ಆಡಿದ್ನೋ ಅಂತ ಅಕಿ ಇವತ್ತಿಗೂ ಅಳ್ತಾಳ. ಅಕೀದೇನ ತಪ್ಪ, ನೀವ ಹೇಳ್ರಿ. ಗಂಡಗ ಬುದ್ಧಿ ಹೇಳಾಕ ಹೋದ್ಲು, ಆಂವ ಅದನ್ನ ತನ್ನ ಕಡೆ ತಿರುವಿಕೊಂಡ.

ಚವತಿ ಹಬ್ಬಕ್ಕ ಗೋವಾದಾಗ ಎಲ್ಲಾ ಕೆಲಸ ಬಂದ್. ಇಲ್ಲಿನ ಮಂದಿ ಗಣಪ್ಪನ್ನ ಕೂಡಸಾಕ ತಮ್ಮ ತಮ್ಮ ಮನಿಗೆ ಹೋಗ್ತಾರ. ಆ ವರ್ಷ ಹಬ್ಬದುದ್ದಕ್ಕೂ ಮಳಿ. ಕಲಂಗುಟ್‌ದಾಗ ಒಂದು ಹೋಟೆಲ್ ಕಟ್ಟಾಕತ್ತಿದ್ರು, ಅದರ ಪರಾಂಚಿ ಹಂಗ ನೆನಕೋತ ನಿಂತಿತ್ತು. ಹಬ್ಬಾ ಮುಗೀತು. ಟೂರಿಸ್ಟ್ ಮಂದಿ ಬರೋದರಾಗ ಬಣ್ಣಾ ಹೊಡೀಬೇಕು ಅಂತ ಮಾಲಕಗ ಗಡಿಬಿಡಿ. ನಮ್ಮ ಖೋಲಿ ಸಾಲಿನ್ಯಾಗಿನ ಶಾಂತವ್ವ ಅಲ್ಲಿ ಗಾರಿ ಹೊರಾಕ ಹೋಗ್ತಿದ್ಲು. ಅಕೀನ ಕಾಕಾಗ ಹೇಳಿದ್ಲು, ಬಾ ಅಂತ.

ಕಾಕಿ ಬಾಗಲದಾಗ ಅಡ್ಡ ನಿಂತ್ಲು. "ಇವತ್ತ ಬ್ಯಾಡ್ರಿ. ನಿಮ್ಮ ಮೊಣಕಾಲ ಬಾತೈತಿ. ನನ್ನಾಣಿ ಐತಿ."

"ಇವತ್ತ ಹೋಗಬೇಕು" ಅಂದ ಕಾಕಾ. "ಮಳಿಯಾಗ ನೆಂದಾವ." ಆಮ್ಯಾಲ ಅಕಿ ಮಾರಿ ನೋಡಿ, "ರೊಟ್ಟಿ ಕಟ್ಟು, ಬಂದು ಬೈಸ್ಕೋತೇನಿ" ಅಂದ. ಕಾಕಿ ಬೈಕೋತನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ಲು.

ಮುಂದಿಂದು ಶಾಂತವ್ವ ಹೇಳಿದ್ದು. ಅಕಿ ತಲಿ ಮ್ಯಾಲ ಪುಟ್ಟಿ ಇಟ್ಕೊಂಡು ನಿಚ್ಚಣಿಕಿ ಮ್ಯಾಲ ಒಂದು ಕಾಲ ಇಟ್ಟಿದ್ಲಂತ. ಮುಕಾದಮ್ ಏರ್ರಿ ಏರ್ರಿ ಅಂತ ಒದರಾಕತ್ತಿದ್ದ. ಕಾಕಾ ಬಂದು ಅಕಿ ರಟ್ಟಿ ಹಿಡದು ಬಾಜೂಕ ಸರಿಸಿ, "ತಡಿ ಯವ್ವಾ, ಮೊದ್ಲ ನಾ" ಅಂದನಂತ. ಉಸುಕಿನ ಚೀಲ ಬೆನ್ನಿಗೆ ಕಟ್ಕೊಂಡು ಮೂರನೇ ಮಜಲಿ ಮಟಾ ಏರಿದ. ಎಲ್ಲಾರೂ ಕೆಳಗ ಕತ್ತ ಎತ್ತಿ ನಿಂತಿದ್ರು. ಜಿಗಿದ. ಹಲಗಿ ಗಟ್ಟಿನ ಇತ್ತು. ಹಲಗಿ ಹೊತ್ತ ಬಿದರಿಗೆ ಕಟ್ಟಿದ್ದ ಹಗ್ಗಾ ಕೊಳತಿತ್ತು.

"ಬರ್ರಿ" ಅನ್ನೋ ಮಾತು ಮ್ಯಾಲಿಂದ ಬರಲಿಲ್ಲ. ಹಂಗಾಗಿ ಯಾರೂ ಏರಿರಲಿಲ್ಲ. ಅಲ್ಲಿದ್ದ ನಮ್ಮ ಮಂದಿ ಒಬ್ಬೊಬ್ಬರೂ ಅವತ್ತ ಸಂಜಿಗೆ ತಮ್ಮ ತಮ್ಮ ಮನಿಗೆ ನಡಕೋತ ಬಂದ್ರು, ಕಾಕಾ ಒಬ್ಬನ್ನ ಬಿಟ್ಟು. ಬಂದಾಕಿನ ಶಾಂತವ್ವ ಕಾಕಿ ಕಾಲ ಹಿಡಕೊಂಡ್ಲು, ಬಿಡಿಸಿದ್ರೂ ಬಿಡಲಿಲ್ಲ. ನನಗ ಭಾಳ ಸಿಟ್ಟಿತ್ತು. ಕಾಕಾನ ಮ್ಯಾಲ ಸಿಟ್ಟು, ಆ ಹಗ್ಗದ ಮ್ಯಾಲ ಸಿಟ್ಟು, ಹೊಸಾ ಹಗ್ಗಾ ತರಲಾರದವ್ರ ಮ್ಯಾಲ ಸಿಟ್ಟು. ಇನ್ನೂ ಐತಿ.

ಮರುದಿನಾ ಆಸ್ಪತ್ರಿಯಿಂದ ಹೆಣಾ ತಂದ್ರು. ಖೋಲಿ ಮುಂದ, ನನ್ನ ಮದವಿ ಮಂಟಪ ಹಾಕಿದ್ದ ಜಾಗಾದಾಗನ ಮಲಗಿಸಿದ್ರು. ಯಾರ್ಯಾರ ಪರಾಂಚಿ ಮ್ಯಾಲ ಆಂವ ಜಿಗಿದಿದ್ನೋ ಅವ್ರೆಲ್ಲಾ ಬಂದಿದ್ರು, ಗುಡ್ಡದ ತುಂಬ ಮಂದಿ. ಪರಾಂಚಿ ಕಟ್ಟೋ ಗಂಡಸರು ಬಿದರು ಕಡದು ತಂದು, ಹೊಸಾ ಹಗ್ಗಾ ತಂದು, ದಿನಾ ಹಾಕೋ ಗಂಟನ್ನ ಹಾಕಿ ಹೆಣಾ ಒಯ್ಯೋ ಸಿದಿಗಿ ಕಟ್ಟಿದ್ರು. ಕಟ್ಟಿ ಮುಗಿಸಿ ಕಾಕಾನ್ನ ಎತ್ತಾಕ ಬಗ್ಗಿದ್ರು.

"ತಡೀರಿ" ಅಂದ್ಲು ಕಾಕಿ.

ಅಲ್ಲಿ ತನಕಾ ಅಕಿ ಗ್ವಾಡಿಗೆ ಆನಕೊಂಡು ಕಲ್ಲಿನಂಗ ಕುಂತಿದ್ಲು. ಎದ್ದು ಬಂದ್ಲು. ಸಿದಿಗಿ ಮುಂದ ಕುಂತು ಒಂದೊಂದ ಗಂಟು ಜಗ್ಗಿ ನೋಡಿದ್ಲು. ಎರಡೂ ಅಂಗೈ ಊರಿದ್ಲು. ಆಮ್ಯಾಲ ಸೀರಿ ಎತ್ತಿ ಕಟ್ಟಿ, ಅದರ ಮ್ಯಾಲ ಮೊಣಕಾಲೂರಿ ಏರಿ, ಮೈಭಾರ ಎಲ್ಲಾ ಹಾಕಿ ಒತ್ತಿದ್ಲು. ಮುದುಕ್ಯಾರು "ಯವ್ವಾ, ಅಪಶಕುನ, ಹಿಡೀರಿ ಅಕೀನ್ನ" ಅಂತ ಒದರಿದ್ರು. ನಮ್ಮವ್ವ ಕೈ ಅಡ್ಡ ಹಿಡದು, "ಬಿಡ್ರಿ, ನೋಡ್ಲಿ" ಅಂದ್ಲು. ಬಿದರು ಕಿರ್ ಅಂತು, ಆದ್ರ ಜಗ್ಗಲಿಲ್ಲ.

ಕಾಕಿ ಕೆಳಗ ಇಳದ್ಲು. ಒಮ್ಮೆ ಬಗ್ಗಿ ಅದರ ಕೆಳಗ ನೋಡಿದ್ಲು, ಥೇಟ ಅವನಂಗ. ಕಾಕಾನ ತಲಿ ಹತ್ರ ಕುಂತು, ಅವನ ಹಣಿ ಮ್ಯಾಲಿನ ಕೂದಲಾ ಹಿಂದ ಸರಿಸಿದ್ಲು.

"ಬರ್ರಿ," ಅಂದ್ಲು. "ಗಟ್ಟಿ ಐತಿ."