ಶಿವಪುತ್ರ ಮಾಸ್ತರರ ಹೆಡ್‌ಫೋನ್ ಪರೀಕ್ಷೆ

ಬನಹಟ್ಟಿಯಲ್ಲಿ ಪವರ್‌ಲೂಮಿನ ಮೇಲಿನ ಮಾಳಿಗೆ ಬಾಡಿಗೆ ಹಿಡಿದು ಸಂಗೀತ ಕಲಿಯುತ್ತೇನೆ ಎನ್ನುವವರಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಶಿವಪುತ್ರ ಮಾಸ್ತರರು ಅಂಥವರು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಒಮ್ಮೆಯಾದರೂ ಹಾಡಿ ಸೈ ಎನಿಸಿಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ. ಆದರೆ ಕೆಳಗೆ ಮನೆಯೊಡತಿ ಕೆಂಪವ್ವನ ಮಗ್ಗಗಳು ಖಟಖಟ ಹೊಡೆದುಕೊಳ್ಳುವಾಗ ತಂಬೂರಿಯ ಶ್ರುತಿ ಕಿವಿಗೆ ಬೀಳಬೇಕಲ್ಲ!

ರಜೆಯ ದಿನ ಮುಂಜಾನೆ ಜೊತೆಯ ಮಾಸ್ತರ ದುರಗೇಶ, ಗದ್ದಲ ನುಂಗುವ ತನ್ನ ಹೆಡ್‌ಫೋನ್ ತಂದುಕೊಟ್ಟ. "ಸಂಜಿಮಟಾ ಹಾಕ್ಕೊಂಡ ನೋಡ್ರಿ ಸರ. ಛಲೋ ಅನಸಿದ್ರ ನೀವೂ ಒಂದ ತಗೋರಿ."

ಹೆಂಡತಿ ಪ್ರತಿಮಾ, ಹಾಸಿಗೆ ಹಿಡಿದ ತಾಯಿ ಮುದಕವ್ವನನ್ನು ನೋಡಲು ಸಾವಳಗಿಗೆ ಹೋಗಿದ್ದಳು. ಮಾಸ್ತರರು ಮೊಬೈಲಿನಲ್ಲಿ ತಂಬೂರಿ ಹಚ್ಚಿ ಹೆಡ್‌ಫೋನ್ ಏರಿಸಿದರು. ಮಗ್ಗ ಮಾಯ! ತಮ್ಮ ದನಿಯೂ ಅರ್ಧ ಮಾಯವಾದದ್ದರಿಂದ ಇನ್ನಷ್ಟು ಗಂಟಲು ತೆರೆದು, ಕಣ್ಣು ಮುಚ್ಚಿ, ತಾರಕಕ್ಕೆ ಏರಿದರು.

ಕಣ್ಣು ಬಿಟ್ಟಾಗ ಕೋಣೆಯ ತುಂಬ ಓಣಿಯ ಹೆಂಗಸರು. ಎಲ್ಲರ ಬಾಯಿಗೂ ಸೆರಗು. ತಮ್ಮ ಹಾಡಿಗೆ ಕಲ್ಲೂ ಕರಗಿತೆಂದು ಮಾಸ್ತರರು ಕೈಮುಗಿದು ಮತ್ತೆ ಶುರುಮಾಡಿದರು. ಕೆಂಪವ್ವ ಹೆಡ್‌ಫೋನ್ ಕಿತ್ತಳು.

"ಸಾಕ ಮಾಡ್ರಿ ಮಾಸ್ತರ! ಎಷ್ಟ ಅತ್ರೂ ಹೋದಾಕಿ ತಿರುಗಿ ಬರ್ತಾಳೇನು?"

"ಯಾರು?"

"ನಿಮ್ಮತ್ತಿ! ನೀವು ಬಾಯಿ ಮಾಡಿ ಅಳೂದು ಕೇಳಿ ಓಣಿ ಮಗ್ಗಾ ಎಲ್ಲಾ ನಿಲ್ಲಿಸೀವಿ. ಮಣ್ಣ ಕೊಡೂದು ಎಷ್ಟೊತ್ತಿಗಂತ ಪ್ರತಿಮಾಗ ಫೋನ್ ಹಚ್ಚಿದ್ರ ಯಾರೋ ಮುದುಕಿ ಎತ್ತಿ, 'ತಡಿ, ಬಂದ ಹೇಳ್ತೀನಿ' ಅಂದ್ಲು."

ಸಾವಾದರೆ ಮಗ್ಗ ನಿಲ್ಲಿಸುವುದು ಓಣಿಯ ಪದ್ಧತಿ. ಮಾಸ್ತರರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅದು ಹಾಡು ಎನ್ನಲು ನಾಚಿಕೆ. ಅಳು ಎಂದರೆ ಬದುಕಿದ ಅತ್ತೆಯನ್ನು ಕೊಂದ ಪಾಪ. ಸುಮ್ಮನೆ ತಲೆ ತಗ್ಗಿಸಿದರು. ಕೆಂಪವ್ವ ಅವರ ಬೆನ್ನು ಸವರಿದಳು.

ಸಂಜೆ ಮಗಳ ಹೆಗಲು ಹಿಡಿದು ಮುದಕವ್ವನೇ ಮೆಟ್ಟಿಲೇರಿ ಬಂದಳು. ಬೈಯುವುದಕ್ಕೆಂದೇ ಬಂದಿದ್ದಳು. ಆದರೆ ಅಳಿಯ ಹೇಗೆ ಅತ್ತನೆಂದು ಹೆಂಗಸರು ಬಣ್ಣಿಸಿದ್ದು ಕೇಳುತ್ತ ಆಕೆಯ ಕಣ್ಣು ತುಂಬಿದವು.

"ಹೊಟ್ಟ್ಯಾಗ ಹುಟ್ಟಿದವ್ರೂ ಹಿಂಗ ಅಳೂದಿಲ್ಲಪಾ. ಒಮ್ಮಿ ನನ್ನ ಮುಂದ ಅಳು. ಖರೇನ ಸತ್ತಾಗ ನನಗ ಕೇಳಸೂದಿಲ್ಲ."

ಪ್ರತಿಮಾ ಮೆಚ್ಚಿ ನೋಡುತ್ತಿದ್ದಳು. ಇನ್ನು ನಿಜ ಹೇಳುವ ದಾರಿಯೇ ಉಳಿಯಲಿಲ್ಲ. ನಿಂತ ಮಗ್ಗಗಳ ಆ ನಿಶ್ಶಬ್ದದಲ್ಲಿ, ಇಡೀ ಓಣಿಯ ಎದುರು, ಮಾಸ್ತರರು ನೆಲ ನೋಡುತ್ತ ಗ್ಯಾದರಿಂಗಿಗೆಂದು ಕಲಿತ ಹಾಡನ್ನೇ ಎತ್ತಿಕೊಂಡರು.

"ಮುಂಜಾನಿ ಇದಕ್ಕಿಂತ ಛಲೋ ಅತ್ತಿದ್ರಿ," ಎಂದಳು ಕೆಂಪವ್ವ.

ಹೆಡ್‌ಫೋನ್ ಒಯ್ಯಲು ಬಂದ ದುರಗೇಶ ಅದನ್ನು ತೆಗೆದುಕೊಂಡು ಬಾಗಿಲಲ್ಲೇ ನಿಂತಿದ್ದ. ನೀನಾದರೂ ಬಿಡಿಸಪ್ಪ ಎಂಬಂತೆ ಮಾಸ್ತರರು ಅತ್ತ ನೋಡಿದರು. ಅವನು ಆಗಲೇ ಅದನ್ನು ಕಿವಿಗೆ ಏರಿಸಿಕೊಂಡಿದ್ದ.