ಹೂಲಿ ಅಜ್ಜಿಯ ರಕ್ತಕ್ಕೆ ವರಾನ್ವೇಷಣೆ

ಹಳ್ಳಿಯ ಆರೋಗ್ಯ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ ಯಾರ ಮನೆಗೆ ಹೋದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ, ಅವುಗಳ ಮೂತಿಯನ್ನು ಬೀದಿಯ ಕಡೆ ತಿರುಗಿಸಿ ಇಡುತ್ತಾರೆ. "ಟಿ.ಬಿ. ಅಂತ ಬಾಯಿ ತಗದ ಕೂಡ್ಲೆ ಕೆಲವರು ಬೈತಾರ್ರಿ ಮೇಡಂ, ಓಡಾಕ ತಯಾರ ಇರಬೇಕು" ಎನ್ನುತ್ತಾರೆ. ನನ್ನವು ಬಿದ್ದಲ್ಲೇ ಬಿದ್ದಿರುತ್ತವೆ.

ಅಕ್ಕನ ಹಿಂದೆ ಸವದತ್ತಿ ಸೀಮೆ ಸುತ್ತಲು ಶುರುಮಾಡಿದ ಮೇಲೆ ನಗು ಬಾರದ ವಾರವೇ ಇಲ್ಲ. ನಮ್ಮ ಲ್ಯಾಬಿನ ಕೆಲಸವೇನೋ ಗಂಭೀರದ್ದು. ಕ್ಷಯದ ಬ್ಯಾಕ್ಟೀರಿಯಾದಲ್ಲಿರುವ ಬಗೆಬಗೆಯ ಪ್ರೋಟೀನುಗಳಲ್ಲಿ ಹೊಸ ಲಸಿಕೆಗೆ ಯಾವುದು ಲಾಯಕ್ಕು ಎಂದು ಹುಡುಕುವುದು. ಅದಕ್ಕೆ ರೋಗಿಯ ಜೊತೆಗೇ ಇದ್ದೂ ರೋಗ ಬಾರದವರ ರಕ್ತ ಬೇಕು. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಬೇಕು. ಅದು ಸಿಗದಿದ್ದರೆ ಮೊದಲನೆಯದೂ ದಂಡ. ಹೂಲಿಯ ಈ ಅಜ್ಜಿಯ ಮಗನಿಗೆ ಟಿ.ಬಿ. ಬಂದು ವಾಸಿಯಾಗಿತ್ತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅಜ್ಜಿ ಮಾತ್ರ ಗಟ್ಟಿಯಾಗಿದ್ದರು. "ಆ ಅಜ್ಜಿಯನ್ನು ಕಳೆದುಕೊಳ್ಳಬೇಡ" ಎಂದು ಲ್ಯಾಬಿನ ಸರ್ ಹೇಳಿಯೇ ಕಳಿಸಿದ್ದರು.

ಫೋಟೋ ತೋರಿಸುವುದು

ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನೆಲ್ಲ ಒಪ್ಪಿಸಿದೆ. ಯಾವಾಗ ಬೇಕಾದರೂ 'ಒಲ್ಲೆ' ಎಂದು ಬಿಟ್ಟುಬಿಡಬಹುದು ಎಂಬುದನ್ನೂ ಸೇರಿಸಿದೆ. ಅಜ್ಜಿ ನನ್ನ ಕಿವಿಯೋಲೆ, ತಾಳಿಯಿಲ್ಲದ ಕೊರಳು ನೋಡುತ್ತ ಕೂತಿದ್ದರು.

ಅಕ್ಕ ಮುಂದೆ ಬಂದರು. "ಆಯಿ, ಗಂಡಿನ ಫೋಟೋ ತೋರಿಸಿದಂಗ, ರೋಗದ ಹುಳದ ಒಂದೊಂದ ತುಣುಕ ನಿಮ್ಮ ರಕ್ತಕ್ಕ ತೋರಸ್ತಾರ್ರಿ. ಯಾವುದನ್ನ ನೋಡಿ ರಕ್ತ 'ಇಂವಾ ಬ್ಯಾಡ' ಅಂತ ಜಗಳಕ್ಕ ನಿಲ್ಲತೈತಿ, ಅದನ್ನ ಲಸಿಕೆಗೆ ಆರಸ್ತಾರ."

"ಬ್ಯಾಡ ಅಂದ ಗಂಡನ್ನ ಆರಸ್ತೀರಿ?"

"ಹೂನ್ರಿ."

"ನಮ್ಮಪ್ಪನೂ ಹಂಗ ಮಾಡಿದ್ದ," ಎಂದರು ಅಜ್ಜಿ, "ರಕ್ತಾ ತಗೀಲಾರದ."

ಮಂಗಳವಾರ

ಒಪ್ಪಿದರು. ತೋಳು ಚಾಚಿದರು. ನಾನು ಸೂಜಿ ತೆಗೆಯುವಷ್ಟರಲ್ಲಿ ತೋಳು ಹಿಂದಕ್ಕೆ ಹೋಯಿತು.

"ಇವತ್ತ ಮಂಗಳವಾರ ಅಲ್ಲೇನು? ಮಂಗಳವಾರ ಮನಿಯಿಂದ ಮೊಸರಾ ಕೊಡಂಗಿಲ್ಲ ನಾ, ರಕ್ತಾ ಕೊಡ್ಲೇನು? ಲಕ್ಷ್ಮಿ ಹೋಗತಾಳ."

"ಮನಿಯಿಂದ ಬ್ಯಾಡ್ರಿ, ಬಾಜೂ ಮನಿ ಕಟ್ಟಿ ಮ್ಯಾಲ ಕುಂತ ಕೊಡ್ರಿ" ಎಂದರು ಅಕ್ಕ. ಕಟ್ಟೆಯ ಒಡತಿ ಪೊರಕೆ ಹಿಡಿದೇ ಹೊರಬಂದರು. "ನಿಮ್ಮ ಲಕ್ಷ್ಮಿ ಉಳೀಬೇಕು, ನಮ್ಮ ಲಕ್ಷ್ಮಿ ಹೋಗಬೇಕೇನ್ರಿ?"

ಕೊನೆಗೆ ಅಜ್ಜಿಯನ್ನು ನಮ್ಮ ಬಾಡಿಗೆ ಗಾಡಿಯಲ್ಲೇ ಕೂರಿಸಿ ರಕ್ತ ತೆಗೆದೆ. ಡ್ರೈವರ್ ಮುಖ ಸಣ್ಣದಾಯಿತು. "ಗಾಡಿ ನಂದ್ರಿ ಆಯಿ. ನನಗ ಲಕ್ಷ್ಮಿ ಬ್ಯಾಡೇನ್ರಿ?"

"ಹುಚ್ಚಪ್ಪಾ, ರಕ್ತ ನಿನ್ನ ಗಾಡ್ಯಾಗಿಂದ ಎಲ್ಲಿ ಹೋತು? ನಿನ್ನ ಗಾಡ್ಯಾಗ ಬಂತು!"

ಆ ದಿನ ಅವನು ರಕ್ತವಿದ್ದ ಐಸ್ ಡಬ್ಬಿಯನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತು ಲ್ಯಾಬಿನೊಳಗೆ ಇಟ್ಟ. ಇಟ್ಟಮೇಲೆ ಮುಖ ಮತ್ತೆ ಸಣ್ಣದಾಯಿತು: ಗಾಡಿಗೆ ಬಂದ ಲಕ್ಷ್ಮಿಯನ್ನು ತಾನೇ ಇಳಿಸಿ ಬಂದಿದ್ದ.

ಎರಡನೇ ಸಲ

ತಿಂಗಳುಗಳ ಮೇಲೆ, ನೆನಪಿಟ್ಟು ಬುಧವಾರ ಹೋದೆವು. ಅಕ್ಕ ಎಂದಿನಂತೆ ಚಪ್ಪಲಿ ತಿರುಗಿಸಿಟ್ಟರು. ಅಜ್ಜಿ ಖುಷಿಯಿಂದ ಚಹಾ ಕೊಟ್ಟರು, ಶೇಂಗಾ ಉಂಡಿ ಕೊಟ್ಟರು. ತೋಳು ಮಾತ್ರ ಸೆರಗಿನೊಳಗೇ ಇತ್ತು.

"ನನ್ನ ರಕ್ತ ಯಾವ ಗಂಡಿನ ಕೂಡ ಜಗಳಾಡ್ತು?"

"ಇನ್ನೊಂದು ಸಲ ತೆಗೆದು ಹೋಲಿಸಿದ ಮೇಲೆ ಗೊತ್ತಾಗುತ್ತೆ ಅಜ್ಜಿ. ಇವತ್ತು ಕೊಡದಿದ್ದರೆ ಅವತ್ತಿನದೂ ವ್ಯರ್ಥ."

ಹಾಗೆ ಹೇಳಬಾರದಿತ್ತು. ಅಜ್ಜಿಯ ಕಣ್ಣು ಮಿಂಚಿತು.

"ಯಾವಾಗ ಬೇಕಾದ್ರೂ ಒಲ್ಲೆ ಅನ್ನಬಹುದು ಅಂತ ನೀನ ಹೇಳಿದ್ದಿ, ಹೌದಿಲ್ಲ ತಂಗಿ?"

"ಹೌದು..."

"ನನ್ನ ರಕ್ತಕ್ಕ ಅಷ್ಟು ಗಂಡು ತೋರಿಸಿದಿ. ಯರಗಟ್ಟಿಯಾಗ ನನ್ನ ತಂಗಿ ಮೊಮ್ಮಗ ಅದಾನ, ಬೀಜದ ಅಂಗಡಿ ಐತಿ. ಅವಗ ಯಾರೂ ಒಂದ ಹೆಣ್ಣ ತೋರಸವಲ್ರು."

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಆಗಲೇ ಬೀದಿಯಲ್ಲಿದ್ದರು, ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು. ಹೊಸ್ತಿಲಲ್ಲಿ ನನ್ನ ಚಪ್ಪಲಿ ಮಾತ್ರ ಉಳಿದಿದ್ದವು. ಯಾರೋ ಅವನ್ನು ಜೋಡಿಸಿ, ಮೂತಿ ಮನೆಯೊಳಕ್ಕೆ ಮಾಡಿ ಇಟ್ಟಿದ್ದರು.

ಅಜ್ಜಿ ಸೆರಗು ಸರಿಸಿ ತೋಳನ್ನು ನನ್ನ ಮುಂದೆ ಚಾಚಿದರು. ಇನ್ನೊಂದು ಕೈಯನ್ನೂ ಚಾಚಿದರು, ಅಂಗೈ ಮೇಲೆ ಮಾಡಿ.

"ಈ ಕೈಯಾಗಿಂದು ನೀ ತಗೊ. ಈ ಕೈಯಾಗ ನಿಂದೊಂದ ಫೋಟೋ ಇಡವಾ."